ಮುಚ್ಚಿಹೋಗುವ ಕೆಲಸ ಮೊದಲು: 20×30 ಸೈಟಿನಲ್ಲಿ ಮನೆ ಕಟ್ಟಿಸುವವರಿಗೆ ಸಮಗ್ರ ಮಾರ್ಗದರ್ಶಿ

ಟೈಲ್ಸ್ ಇಷ್ಟವಾಗದಿದ್ದರೆ ಹತ್ತು ವರ್ಷದ ಮೇಲೆ ಕಿತ್ತು ಬೇರೆ ಹಾಕಿಸಬಹುದು. ಬಣ್ಣ ಹೇಗೂ ಐದಾರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಆದರೆ ಪಾಯದ ಕೆಳಗಿನ ಮಣ್ಣು, ತಾರಸಿಯೊಳಗಿನ ಕಂಬಿ, ಬಚ್ಚಲಿನ ನೆಲದಡಿಯ ಪೈಪು ಒಮ್ಮೆ ಮುಚ್ಚಿಹೋದರೆ ಮತ್ತೆ ನೋಡಲು ಮನೆ ಒಡೆಯಬೇಕು. ಹಾಗಿದ್ದೂ ನಮ್ಮಲ್ಲಿ ಬಹಳ ಜನ ಮುಂಬಾಗಿಲ ಕೆತ್ತನೆಗೆ ಮೂರು ಸಲ ಪೇಟೆ ಸುತ್ತುತ್ತಾರೆ. ತಾರಸಿ ಹಾಕುವ ದಿನ ಮಾತ್ರ ಬಂದವರಿಗೆ ಊಟ ಬಡಿಸುವುದರಲ್ಲೇ ಮುಳುಗಿರುತ್ತಾರೆ. ಆರು ಚದರದ ಸೈಟಿನಲ್ಲಿ ಒಂದು ಅಥವಾ ಎರಡು ಅಂತಸ್ತಿನ ಮನೆ ಕಟ್ಟಿಸುವ ಮಾಲೀಕರು ಯಾವ ಹಂತದಲ್ಲಿ ಏನನ್ನು ಕಣ್ಣಾರೆ ನೋಡಬೇಕು ಎಂಬುದನ್ನು ಇಲ್ಲಿ ಕೆಲಸ ನಡೆಯುವ ಕ್ರಮದಲ್ಲೇ ಬರೆದಿದ್ದೇನೆ. ಲೆಕ್ಕಾಚಾರಕ್ಕೆ ಎಂಜಿನಿಯರ್ ಬೇಕೇ ಬೇಕು. ಅವರ ನಕ್ಷೆಯಲ್ಲಿರುವುದು ಸೈಟಿನಲ್ಲಿ ಆಗುತ್ತಿದೆಯೇ ಎಂದು ನೋಡುವುದು ನಿಮ್ಮ ಪಾಲಿನ ಕೆಲಸ.

ಮಣ್ಣು ನೋಡಿ

ಮೊದಲು ಒಂದು ಗುಂಡಿ ತೋಡಿಸಿ. ತುಮಕೂರು, ಹಾಸನ, ಕೋಲಾರದ ಕಡೆಯ ಕೆಂಪು ಮಣ್ಣಾದರೆ ನಾಲ್ಕೈದು ಅಡಿಗೆ ಗಟ್ಟಿ ಪದರ ಸಿಗುವುದು ಸಾಮಾನ್ಯ. ಕರಾವಳಿಯಲ್ಲಿ ಮುರಕಲ್ಲಿನ ಪದರ ಸಿಕ್ಕರೆ ಇನ್ನೂ ಒಳ್ಳೆಯದು. ವಿಜಯಪುರ, ಗದಗ, ಕಲಬುರಗಿಯ ಎರೆ ಮಣ್ಣಿನ ಕಥೆಯೇ ಬೇರೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಜೊತೆಗೆ ಪಾಯವನ್ನೂ ಎತ್ತಿ ಇಳಿಸುತ್ತದೆ. ಅಲ್ಲಿ ಎರೆ ಪದರ ದಾಟಿ ಕೆಳಗಿನ ಗಟ್ಟಿ ನೆಲ ಮುಟ್ಟಬೇಕು, ಇಲ್ಲವೇ ಎಂಜಿನಿಯರ್ ಹೇಳಿದಂತೆ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ, ಹಾಕಿಸಬೇಕು. ಪಕ್ಕದ ಮನೆಯವರು ನಾಲ್ಕಡಿಯಲ್ಲೇ ನಿಲ್ಲಿಸಿದರು ಎಂದು ನೀವೂ ನಿಲ್ಲಿಸಬೇಡಿ. ಅವರ ಸೈಟು ಹಳೆಯ ಹೊಲದ್ದಿರಬಹುದು, ನಿಮ್ಮದು ಮುಚ್ಚಿದ ಬಾವಿಯ ಜಾಗವಿರಬಹುದು.

ಪಿಲ್ಲರ್ ಇದ್ದರೆ ಮಾತ್ರ ಮನೆ ಗಟ್ಟಿ ಎಂಬ ನಂಬಿಕೆ ಈಗ ಎಲ್ಲೆಡೆ ಇದೆ. ಮಣ್ಣು ಗಟ್ಟಿಯಿದ್ದು, ಎರಡು ಅಂತಸ್ತಿಗಿಂತ ಹೆಚ್ಚು ಕಟ್ಟುವ ಯೋಚನೆಯಿಲ್ಲದಿದ್ದರೆ ಸೈಜುಗಲ್ಲಿನ ಪಾಯದ ಮೇಲೆ ಗೋಡೆಯೇ ಭಾರ ಹೊರುವ ಮನೆ ಧಾರಾಳವಾಗಿ ಸಾಕು. ಪಾಯದ ಮೇಲೊಂದು, ಬಾಗಿಲು ಕಿಟಕಿಗಳ ಮೇಲಿನ ಅಡ್ಡತೊಲೆಯ, ಅಂದರೆ ಲಿಂಟಲ್ ಮಟ್ಟದಲ್ಲೊಂದು ಕಾಂಕ್ರೀಟ್ ಪಟ್ಟಿ ಮನೆಯ ಸುತ್ತ ತುಂಡಾಗದೆ ಸಾಗಬೇಕು, ಅಷ್ಟೇ. ಹಾಗೆ ಉಳಿದ ಕಂಬಿಯ ದುಡ್ಡನ್ನು ಬಚ್ಚಲಿನ ವಾಟರ್‌ಪ್ರೂಫಿಂಗ್‌ಗೆ ಹಾಕಿ. ಮುಂದೆ ಮೂರನೇ ಅಂತಸ್ತು ಏರಿಸುವ ಆಸೆ ಇದ್ದರೆ ಮಾತ್ರ ಈಗಲೇ ಪಿಲ್ಲರ್ ಮಾಡಿಸಿ.

ಮಾರ್ಕಿಂಗ್ ಮತ್ತು ಪಾಯ

ಮಾರ್ಕಿಂಗ್ ದಿನ ಟೇಪು ನಿಮ್ಮ ಕೈಯಲ್ಲೂ ಇರಲಿ. ಮೂಲೆಯಿಂದ ಒಂದು ದಾರದ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆಮಟ್ಟ ಸರಿಯಿದೆ. ಆಮೇಲೆ ಇಡೀ ಮನೆಯ ಎರಡೂ ಕರ್ಣ ಅಳೆಯಿರಿ. ಎರಡರ ಅಳತೆ ಒಂದೇ ಆಗಿರಬೇಕು. ಒಂದಿಂಚು ವ್ಯತ್ಯಾಸ ಬಂದರೂ ಮತ್ತೆ ದಾರ ಕಟ್ಟಿಸಿ. ಆ ಒಂದಿಂಚು ಕೊನೆಗೆ ಟೈಲ್ಸ್ ಹಾಕುವಾಗ ಗೋಡೆಯಂಚಿನಲ್ಲಿ ಸೊಟ್ಟ ತುಂಡಾಗಿ ಎದ್ದು ಕಾಣುತ್ತದೆ.

ಮನೆಯ ನೆಲ ರಸ್ತೆಗಿಂತ ಒಂದೂವರೆಯಿಂದ ಎರಡಡಿ ಮೇಲಿರಲಿ. ಹೊಸ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಏರುತ್ತಾ ಹೋಗುತ್ತದೆ.

ಪಾಯದ ತಳಕ್ಕೆ 1:4:8 (ಸಿಮೆಂಟ್, ಮರಳು, ಜಲ್ಲಿ) ಬೆಡ್ ಕಾಂಕ್ರೀಟ್, ಅದರ ಮೇಲೆ 1:6 (ಸಿಮೆಂಟ್, ಮರಳು) ಮಾಲಿನಲ್ಲಿ ಸೈಜುಗಲ್ಲು. ಕಲ್ಲುಗಳ ಸಂದಿಗೆ ಬರೀ ಚಕ್ಕೆ ತುರುಕಿ ಮೇಲೆ ಮಾಲು ಸವರಿ ಮುಗಿಸುವ ಅಭ್ಯಾಸ ಕೆಲವರಿಗಿದೆ. ಒಂದು ಕಂಬಿ ಹಿಡಿದು ಸಂದಿಗೆ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಒಳಗೆ ಟೊಳ್ಳಿದೆ.

ಪಾಯದೊಳಗೆ ಮಣ್ಣು ತುಂಬುವುದು ಯಾರೂ ಗಮನ ಕೊಡದ ಕೆಲಸ. ಟ್ರ್ಯಾಕ್ಟರ್‌ನಲ್ಲಿ ಸುರಿದು ಒಮ್ಮೆಲೇ ಮಟ್ಟ ಮಾಡಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲ ಕುಸಿದು ಟೈಲ್ಸ್ ಅಡಿ ಟೊಳ್ಳಾಗುತ್ತದೆ. ಅರ್ಧ ಅಡಿಯಿಂದ ಮುಕ್ಕಾಲಡಿ ಮಣ್ಣು ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೆಸಿ, ಆಮೇಲೆ ಮುಂದಿನ ಪದರ ಹಾಕಿಸಿ. ಎರೆ ಮಣ್ಣನ್ನು ಒಳಗೆ ತುಂಬಲೇಬೇಡಿ. ನೆಲದ ಕಾಂಕ್ರೀಟಿಗೆ ಮೊದಲು ಗೆದ್ದಲಿನ ಔಷಧಿ ಹೊಡೆಸಿಬಿಡಿ. ಆಮೇಲೆ ಅದಕ್ಕೆ ನೆಲ ಕೊರೆಯಬೇಕಾಗುತ್ತದೆ.

ಗೋಡೆ

ಸಾಲಿಡ್ ಬ್ಲಾಕ್ ಕಟ್ಟಡಗಳ ಗೋಡೆಯಲ್ಲಿ ಕೂದಲೆಳೆ ಬಿರುಕು ಕಂಡಾಗ ಬೈಗುಳ ಸಿಮೆಂಟಿಗೆ ಬೀಳುತ್ತದೆ. ಬಹಳ ಸಲ ತಪ್ಪು ಬ್ಲಾಕಿನದ್ದು: ಹೋದ ವಾರ ಅಚ್ಚಿನಿಂದ ತೆಗೆದದ್ದನ್ನು ಈ ವಾರ ಗೋಡೆಗೆ ಏರಿಸಿರುತ್ತಾರೆ. ಸಿಮೆಂಟ್ ಬ್ಲಾಕ್ ಒಣಗುತ್ತಾ ಕುಗ್ಗುತ್ತದೆ. ಆ ಕುಗ್ಗುವಿಕೆ ಗೋಡೆಯಲ್ಲಿ ಆದರೆ ಬಿರುಕು, ಅಟ್ಟಿಯಲ್ಲೇ ಆಗಿಹೋದರೆ ಯಾರಿಗೂ ತೊಂದರೆಯಿಲ್ಲ. ಪಾಯದ ಕೆಲಸ ಶುರುವಾದಾಗಲೇ ಬ್ಲಾಕ್ ತರಿಸಿ ಸೈಟಿನಲ್ಲಿ ಪೇರಿಸಿಡಿ. ಹೊತ್ತು ಹೊತ್ತಿಗೆ ನೀರುಂಡು, ಅಚ್ಚು ಹಾಕಿ 28 ದಿನ ದಾಟಿದ ಬ್ಲಾಕ್ ಮಾತ್ರ ಗೋಡೆಗೆ ಹೋಗಲಿ. ಇಟ್ಟಿಗೆಗೆ ಇದರ ತದ್ವಿರುದ್ಧ ಉಪಚಾರ. ಕಟ್ಟುವ ಮೊದಲು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಬೇಕು, ಇಲ್ಲದಿದ್ದರೆ ಮಾಲಿನ ನೀರನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಬ್ಲಾಕನ್ನು ಹಾಗೆ ನೆನೆಸಬಾರದು. ಮೇಲ್ಮೈಗೆ ನೀರು ಚಿಮುಕಿಸಿದರೆ ಸಾಕು.

ಇಟ್ಟಿಗೆ ಪರೀಕ್ಷೆಗೆ ಲ್ಯಾಬ್ ಬೇಡ. ಎರಡನ್ನು ಒಂದಕ್ಕೊಂದು ತಟ್ಟಿದರೆ ಠಣ್ ಎನ್ನಬೇಕು, ಸೊಂಟದೆತ್ತರದಿಂದ ಮಣ್ಣಿನ ಮೇಲೆ ಬಿಟ್ಟರೆ ಒಡೆಯಬಾರದು. ಮೂರನೇ ದಾರಿಯೂ ಇದೆ. ನಿಮ್ಮ ಸೈಟಿನ ಮಣ್ಣಿಗೇ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಈ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದೆ. ಹೊರಗೋಡೆಗೆ ಪ್ಲಾಸ್ಟರ್ ಇಲ್ಲದೆಯೂ ಚೆನ್ನಾಗಿ ಕಾಣುತ್ತದೆ. ಆದರೆ ಸಜ್ಜೆ ಅಗಲವಿರಬೇಕು, ಕೆಲಸ ಬಲ್ಲ ಮೇಸ್ತ್ರಿ ಸಿಗಬೇಕು. ಸಿಗದಿದ್ದರೆ ಆ ಸಾಹಸ ಬೇಡ.

ಮಾಲು 1:6 ಇರಲಿ. ನೀರು ಬೆರೆಸಿದ ಮೇಲೆ ಒಂದು ಗಂಟೆಯೊಳಗೆ ಖರ್ಚಾಗುವಷ್ಟನ್ನೇ ಕಲಸಬೇಕು. ಊಟಕ್ಕೆ ಹೋಗಿ ಬಂದು, ಗಟ್ಟಿಯಾದ ಮಾಲಿಗೆ ಮತ್ತೆ ನೀರು ಹಾಕಿ ತಿರುವುವುದನ್ನು ಕಂಡರೆ ಅದನ್ನು ಚೆಲ್ಲಿಸಿ. ಎರಡು ಬಾಂಡ್ಲಿ ಮಾಲು ಹೋದರೆ ಹೋಗಲಿ. ಒಂದೇ ದಿನದಲ್ಲಿ ಗೋಡೆಯನ್ನು ಐದಡಿಗಿಂತ ಎತ್ತರ ಏರಿಸಬಾರದು. ಪ್ರತಿ ಮೂರು ವರಸೆಗೊಮ್ಮೆ ತೂಗುಗುಂಡು ಬಿಡಿಸಿ.

ಕಿಟಕಿಯ ತಳ 3 ಅಡಿಗೆ, ಲಿಂಟಲ್ 7 ಅಡಿಗೆ. ಲಿಂಟಲ್ ಎರಡೂ ಬದಿ ಗೋಡೆಯ ಮೇಲೆ ಕನಿಷ್ಠ ಅರ್ಧ ಅಡಿ ಕೂತಿರಬೇಕು. ಸಜ್ಜೆ ಎರಡಡಿ ಚಾಚಲಿ. ಸಜ್ಜೆಯ ಅಡಿಯಲ್ಲಿ, ಹೊರ ಅಂಚಿನಿಂದ ಒಂದಿಂಚು ಒಳಗೆ, ಬೆರಳು ಕೂರುವಷ್ಟು ಒಂದು ಗೀರು ಎಳೆಸಿ. ಮಳೆನೀರು ಸಜ್ಜೆಯ ತಳಕ್ಕೆ ಅಂಟಿಕೊಂಡು ಗೋಡೆಯತ್ತ ಹರಿಯುವ ಬದಲು ಅಲ್ಲೇ ತೊಟ್ಟಿಕ್ಕುತ್ತದೆ. ಅದೊಂದು ಗೀರಿಲ್ಲದೆ ಕಿಟಕಿಯ ಮೇಲ್ಗಡೆ ಹಸಿರು ಪಾಚಿ ಕಟ್ಟಿದ ಮನೆಗಳನ್ನು ಪ್ರತಿ ಬೀದಿಯಲ್ಲೂ ನೋಡಬಹುದು.

ತಾರಸಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಹಿಂದಿನ ದಿನ ಸಂಜೆ ಎಂಜಿನಿಯರ್ ಜೊತೆ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಆಸರೆ ಕೊಟ್ಟು ಕಟ್ಟಿದ ತಗಡು, ಹಲಗೆಯ ಅಚ್ಚು) ಮೇಲೆ ಹತ್ತಿ. ಕಂಬಿಗೂ ತಗಡಿಗೂ ನಡುವೆ 20 ಮಿ.ಮೀ. ಅಂತರ ಬೇಕು. ಅದಕ್ಕೆ ಸಿಮೆಂಟಿನ ಅಥವಾ ಪಿವಿಸಿ ಕವರ್ ಬ್ಲಾಕ್ ಇರಬೇಕು, ಜಲ್ಲಿಕಲ್ಲು ಇಟ್ಟರೆ ಕಾಂಕ್ರೀಟ್ ಸುರಿಯುವಾಗ ಉರುಳಿಹೋಗುತ್ತದೆ. ತೊಲೆಗೆ 25 ಮಿ.ಮೀ., ಪಿಲ್ಲರಿಗೆ 40 ಮಿ.ಮೀ. ಈ ಅಂತರ ಇಲ್ಲದ ಕಡೆಯೇ ಮುಂದೆ ಕಂಬಿ ತುಕ್ಕು ಹಿಡಿದು ಉಬ್ಬಿ ಸೂರಿನ ಗಾರೆ ಉದುರುವುದು. ತೊಲೆ, ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಗಳು 90 ಡಿಗ್ರಿಗೆ ಬಗ್ಗಿದ್ದರೆ ಸಾಲದು. ಒಳಮುಖವಾಗಿ 135 ಡಿಗ್ರಿಗೆ ಕೊಕ್ಕೆಯಾಗಿರಬೇಕು. ಕಂಬಿಯ ತೂಕ ಸರಿಯಿದೆಯೇ ಎಂದು ನೋಡಲು ಸುಲಭ ಸೂತ್ರವಿದೆ. ಮಿ.ಮೀ.ನಲ್ಲಿರುವ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿ.ಮೀ. ಕಂಬಿ ಮೀಟರಿಗೆ 0.89 ಕಿಲೋ, 12 ಮೀಟರಿನ ಪೂರ್ತಿ ಉದ್ದಕ್ಕೆ 10.7 ಕಿಲೋ ತೂಗಬೇಕು.

ಅತಿ ಮುಖ್ಯವಾದದ್ದು ಬಾಲ್ಕನಿ ಮತ್ತು ಸಜ್ಜೆಯ ಕಂಬಿ. ಕೋಣೆಯ ನಡುವಿನ ತಾರಸಿಯಲ್ಲಿ ಮುಖ್ಯ ಕಂಬಿ ತಳದಲ್ಲಿರುತ್ತದೆ; ಗೋಡೆಯಿಂದ ಆಚೆ ಚಾಚಿದ ಭಾಗದಲ್ಲಿ ಅದು ಮೇಲ್ಗಡೆ ಇರಬೇಕು. ಕಾಂಕ್ರೀಟ್ ಹೊತ್ತು ಓಡಾಡುವವರ ಕಾಲಿಗೆ ಸಿಕ್ಕಿ ಈ ಮೇಲಿನ ಕಂಬಿ ತಳಕ್ಕೆ ಕೂತರೆ ಬಾಲ್ಕನಿಯಲ್ಲಿ ಕಂಬಿ ಇದ್ದೂ ಇಲ್ಲದಂತೆ. ಕಂಬಿಯಲ್ಲೇ ಬಗ್ಗಿಸಿದ ಚೇರ್‌ಗಳನ್ನು ಕೆಳಗಿಟ್ಟು ಕಟ್ಟಿಸಿ, ಓಡಾಡಲು ಹಲಗೆ ಹಾಸಿಸಿ. ಕಾಂಕ್ರೀಟ್ ಬೀಳುವ ಹೊತ್ತಲ್ಲಿ ನೀವು ಒಂದೇ ಕಡೆ ನಿಲ್ಲಲು ಸಾಧ್ಯವಿದ್ದರೆ ಬಾಲ್ಕನಿಯ ಹತ್ತಿರ ನಿಲ್ಲಿ.

600 ಚದರಡಿಗೆ 5 ಇಂಚು ದಪ್ಪ ಎಂದರೆ 250 ಘನ ಅಡಿ, ಸುಮಾರು 7 ಘನ ಮೀಟರ್. ಕಾರ್ಖಾನೆಯಲ್ಲೇ ಕಲಸಿ ತರುವ ರೆಡಿಮಿಕ್ಸ್ ಆದರೆ ಹೆಚ್ಚುಕಡಿಮೆ ಒಂದು ಲಾರಿ, ತೊಲೆಗಳದ್ದು ಬೇರೆ. ನಿಮ್ಮ ರಸ್ತೆಗೆ ಆ ಲಾರಿ ತಿರುಗುತ್ತದೆಯೇ ಎಂದು ಮೊದಲೇ ನೋಡಿ. ಸೈಟಿನಲ್ಲೇ ಕಲಸುವುದಾದರೆ ಮನೆ ತಾರಸಿಗೆ ಬಳಸುವ ಎಂ20 ದರ್ಜೆಯ ಕಾಂಕ್ರೀಟಿಗೆ 1:1.5:3. 50 ಕಿಲೋ ಚೀಲ 1.25 ಘನ ಅಡಿಗೆ ಸಮ, ಹಾಗಾಗಿ ಅಷ್ಟೇ ಹಿಡಿಸುವ ಮರದ ಪೆಟ್ಟಿಗೆ ಮಾಡಿಸಿಟ್ಟು ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), ಮೂರು ಪೆಟ್ಟಿಗೆ 20 ಮಿ.ಮೀ. ಜಲ್ಲಿ ಅಳೆಸಿ. ಬಾಂಡ್ಲಿ ಲೆಕ್ಕ ಬೆಳಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಆಗುತ್ತದೆ. ಈ ಲೆಕ್ಕದಲ್ಲಿ 57 ಚೀಲದ ಆಸುಪಾಸು ಸಿಮೆಂಟ್ ಹೋಗಬೇಕು. 45ಕ್ಕೇ ಕೆಲಸ ಮುಗಿದರೆ ಉಳಿತಾಯವಾಯಿತೆಂದು ಖುಷಿಪಡಬೇಡಿ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದು ಬೇಡ.

ನೀರು ಚೀಲವೊಂದಕ್ಕೆ 27 ಲೀಟರ್ ದಾಟಬಾರದು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಕೆಲಸದವರಿಗೆ ತೆಳ್ಳಗಿನ ಕಾಂಕ್ರೀಟ್ ಇಷ್ಟ, ಎಳೆಯಲು ಸುಲಭ. ಹೆಚ್ಚಾದ ಆ ನೀರು ಆರಿಹೋದ ಜಾಗವೆಲ್ಲ ಸಣ್ಣ ಸಣ್ಣ ರಂಧ್ರವಾಗಿ ಉಳಿಯುತ್ತದೆ. ತಾರಸಿ ಸೋರುವುದು ಅಲ್ಲಿಂದ. ಗಟ್ಟಿ ಕಾಂಕ್ರೀಟನ್ನು ಕೂರಿಸಲು ವೈಬ್ರೇಟರ್ ಇರಲಿ, ಒಂದು ಕೆಟ್ಟರೆಂದು ಇನ್ನೊಂದೂ ಇರಲಿ.

ಸಂಜೆ ಮೇಲ್ಮೈ ಬಿಗಿಯಾಗಿ ಬೆರಳಚ್ಚು ಮೂಡದಂತಾದಾಗ ಒದ್ದೆ ಗೋಣಿಚೀಲ ಹೊದಿಸಿ. ಮಾರನೇ ದಿನ ಸಣ್ಣ ಸಣ್ಣ ಬದು ಕಟ್ಟಿಸಿ ಎರಡಿಂಚು ನೀರು ನಿಲ್ಲಿಸಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮಾಮೂಲಿ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ. ಬಿಸಿಲು ಕಾಲದಲ್ಲಿ 14 ದಿನ ಬಿಡಿ. ಪಿಲ್ಲರಿಗೆ ಬೆಳಗ್ಗೆ ಸಂಜೆ ಪೈಪು ಹಿಡಿದರೆ ಹತ್ತೇ ನಿಮಿಷದಲ್ಲಿ ಒಣಗುತ್ತದೆ, ಗೋಣಿ ಸುತ್ತಿ ಒದ್ದೆಯಾಗಿಡಬೇಕು. ತಾರಸಿಯ ಅಡಿಯ ಆಸರೆ 14 ದಿನಕ್ಕೆ ಮೊದಲು, ತೊಲೆಯದ್ದು 21 ದಿನಕ್ಕೆ ಮೊದಲು ತೆಗೆಯಬೇಡಿ. ಸೆಂಟ್ರಿಂಗ್‌ನವರಿಗೆ ಮುಂದಿನ ಸೈಟಿಗೆ ಹಲಗೆ ಬೇಕಿರುತ್ತದೆ, ಏಳನೇ ದಿನಕ್ಕೇ ಫೋನ್ ಶುರುವಾಗುತ್ತದೆ. ಎತ್ತಬೇಡಿ.

ಪೈಪು, ವೈರು, ಬಚ್ಚಲು

ನೀರಿನ ಪೈಪು ಗೋಡೆಯೊಳಗೆ ಹೋದ ಮೇಲೆ, ಪ್ಲಾಸ್ಟರಿಗೆ ಮೊದಲು, ಎಲ್ಲ ಬಾಯಿಗೂ ಬಿರಡೆ ಹಾಕಿ ಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ ಒತ್ತಡ ಮಾಪಕದ ಮುಳ್ಳು ಇಳಿದಿದ್ದರೆ ಎಲ್ಲೋ ಜಾಯಿಂಟ್ ಸೋರುತ್ತಿದೆ. ಬಿಸಿನೀರಿಗೆ ಶಾಖ ತಡೆಯುವ ಸಿಪಿವಿಸಿ ಪೈಪು ಹಾಕಿಸಿ. ಪಾಯಖಾನೆಯ 4 ಇಂಚಿನ ಪೈಪು ಹತ್ತಡಿಗೆ ಎರಡರಿಂದ ಎರಡೂವರೆ ಇಂಚು ಇಳಿಯಬೇಕು, ತಿರುವು ಇದ್ದಲ್ಲೆಲ್ಲ ಚೇಂಬರ್ ಬೇಕು.

ವೈರು: ಲೈಟು ಫ್ಯಾನಿಗೆ 1.5, ಸಾಕೆಟ್ಟಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿ.ಮೀ. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಇರಲೇಬೇಕು. ಬಚ್ಚಲಲ್ಲಿ ಗೀಸರ್ ಇರುವ ಮನೆಯಲ್ಲಿ ಇದರ ಬಗ್ಗೆ ಚೌಕಾಸಿ ಬೇಡ. 4 ಇಂಚಿನ ಗೋಡೆಯನ್ನು ಅಡ್ಡಡ್ಡ ಕೊರೆಯಲು ಬಿಡಬೇಡಿ, ಗೋಡೆ ಅಲ್ಲೇ ಎರಡಾಗುತ್ತದೆ. ಕೊನೆಗೆ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆದಿಡಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುವುದು ಈ ಫೋಟೋಗಳೇ.

ಮೇಲಂತಸ್ತಿನ ಬಚ್ಚಲಿಗೆ ತಾರಸಿಯನ್ನು ತಗ್ಗಿಸಿ ಬಿಟ್ಟಿರುತ್ತಾರೆ. ಆ ಗುಂಡಿಯನ್ನು ಹೇಗೆ ತುಂಬುತ್ತೀರಿ ಎಂಬುದರ ಮೇಲೆ ಕೆಳಗಿನ ಕೋಣೆಯ ಸೂರಿನ ಹಣೆಬರಹ ನಿಂತಿದೆ. ಮೊದಲು ಗುಡಿಸಿ ತೊಳೆದು, ಗೋಡೆ ಮತ್ತು ನೆಲ ಸೇರುವ ಮೂಲೆಗೆಲ್ಲ ಮಾಲಿನಿಂದ ಗುಂಡಗೆ ಅಂಚು ಕೊಡಿಸಿ. ಪೈಪು ತೂರಿದ ಜಾಗ ಗಟ್ಟಿಯಾಗಿ ಮುಚ್ಚಿಸಿ. ಆಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು, ಒಂದು ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಬಚ್ಚಲಿನ ನೆಲಮಟ್ಟಕ್ಕಿಂತ ಒಂದಡಿ ಮೇಲಿನವರೆಗೆ ಗೋಡೆಗೂ, ಶವರ್ ಇರುವ ಗೋಡೆಗೆ ಆರಡಿಯವರೆಗೂ ಬಳಿಯಬೇಕು. ನೀರು ತುಂಬಿ 48 ಗಂಟೆ ಬಿಟ್ಟು ಕೆಳಗಿನಿಂದ ಟಾರ್ಚ್ ಹಾಕಿ ನೋಡಿ. ಒದ್ದೆ ಕಲೆ ಇಲ್ಲದಿದ್ದರೆ ಮಾತ್ರ ಪೈಪು ಜೋಡಿಸಿ, ಇಟ್ಟಿಗೆ ಚೂರು ತುಂಬಿಸಿ. ತುಂಬಿದ ಮೇಲೆ ಕಾಂಕ್ರೀಟ್ ಹಾಕಿ ಇನ್ನೊಮ್ಮೆ ಎರಡು ಕೋಟು, ಇನ್ನೊಮ್ಮೆ ನೀರು. ಎರಡನೇ ಸಲದ ಪರೀಕ್ಷೆ ದಂಡ ಎಂದು ಪ್ಲಂಬರ್ ಹೇಳಿಯೇ ಹೇಳುತ್ತಾರೆ. ಮೊದಲನೆಯದು ತಾರಸಿಯದ್ದು, ಎರಡನೆಯದು ಅವರು ಜೋಡಿಸಿದ ಪೈಪಿನದ್ದು. ಬಿಡಬೇಡಿ.

ಬಚ್ಚಲಿನ ನೆಲ ಹಾಲಿಗಿಂತ ಒಂದಿಂಚು ತಗ್ಗಿರಲಿ. ಟೈಲ್ಸ್ ಕೂರಿಸುವಾಗ ದೂರದ ಮೂಲೆಯಲ್ಲಿ ಒಂದು ತಂಬಿಗೆ ನೀರು ಸುರಿದು ನೋಡಿ. ಅದು ತಾನಾಗಿ ಜಾಲರಿಗೆ ಹೋಗಬೇಕು.

ಪ್ಲಾಸ್ಟರಿಂಗ್

ಪಿಲ್ಲರು, ತೊಲೆ ಮತ್ತು ಬ್ಲಾಕ್ ಗೋಡೆ ಕೂಡುವ ಕಡೆ, ವೈರಿಗೆ ಕೊರೆದ ಕಡೆ, ಕೋಳಿ ಜಾಲರಿ ಬಡಿಸಿ. ಕಾಂಕ್ರೀಟಿನ ನುಣುಪು ಮುಖವನ್ನು ಕೊಡಲಿಯಲ್ಲಿ ಕಚ್ಚು ಮಾಡಿಸಿ. ಒಳಗೆ 12 ಮಿ.ಮೀ. ಒಂದೇ ಕೋಟು, ಸೂರಿಗೆ 6 ಮಿ.ಮೀ.; ಹೊರಗೆ 20 ಮಿ.ಮೀ. ಎರಡು ಕೋಟಿನಲ್ಲಿ. ಪ್ಲಾಸ್ಟರಿಗೆ ನುಣ್ಣಗಿನ ಪಿ-ಸ್ಯಾಂಡ್ ತರಿಸಿ, ಕಾಂಕ್ರೀಟಿನ ಎಂ-ಸ್ಯಾಂಡ್ ತರಿ ಜಾಸ್ತಿ.

ಒಂದನ್ನು ಮಾತ್ರ ತಡೆಯಿರಿ. ಗೋಡೆ ಬೇಗ ಬಿಗಿಯಲಿ ಎಂದು ಹಸಿ ಪ್ಲಾಸ್ಟರಿನ ಮೇಲೆ ಒಣ ಸಿಮೆಂಟ್ ಎರಚಿ ಕರಣೆಯಲ್ಲಿ ತಿಕ್ಕುತ್ತಾರೆ. ಆ ದಿನ ಗಾಜಿನಂತೆ ಹೊಳೆಯುತ್ತದೆ, ತಿಂಗಳೊಳಗೆ ಜೇಡರ ಬಲೆಯಂಥ ಬಿರುಕು ಬಿಡುತ್ತದೆ. ಪ್ಲಾಸ್ಟರಿಗೂ ಏಳು ದಿನ ನೀರು ಬೇಕು.

ತಾರಸಿಯ ಮೇಲೆ

ಮಳೆನೀರು ಹರಿಯಲು ಹತ್ತಡಿಗೆ ಒಂದೂಕಾಲು ಇಂಚಿನ ಇಳಿಜಾರು ಸಾಕು. ಪ್ಯಾರಾಪೆಟ್ ಮತ್ತು ತಾರಸಿ ಸೇರುವ ಮೂಲೆ ಗುಂಡಗಿರಲಿ, ನೀರಿನ ಪೈಪು 4 ಇಂಚಿನದ್ದಿರಲಿ, ಕನಿಷ್ಠ ಎರಡಿರಲಿ. ಒಂದಕ್ಕೆ ಎಲೆ ಸಿಕ್ಕಿಕೊಂಡರೆ ಇನ್ನೊಂದು ಕಾಯುತ್ತದೆ. ಸಾವಿರ ಲೀಟರಿನ ಟ್ಯಾಂಕು ತುಂಬಿದಾಗ ಒಂದು ಟನ್ ಭಾರ. ಅದನ್ನು ಗೋಡೆಯ ನೇರಕ್ಕೆ ಪೀಠ ಕಟ್ಟಿ ಕೂರಿಸಿ. 600 ಚದರಡಿಯ ತಾರಸಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1,400 ಲೀಟರ್ ನೀರು. ಫಿಲ್ಟರ್ ಇಟ್ಟು ಸಂಪಿಗೆ ತಿರುಗಿಸಿದರೆ ಒಂದು ಒಳ್ಳೆಯ ಮಳೆಗೆ ಎರಡು ಮೂರು ದಿನದ ನೀರು ಬಂದಂತಾಯಿತು.

ನೆಲ

ಟೈಲ್ಸ್ ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ಕೇಳಿ. ಟೊಳ್ಳು ಸದ್ದು ಬಂದದ್ದನ್ನು ಆಗಲೇ ತೆಗೆಸಿ. ನಡುವೆ 2 ಮಿ.ಮೀ. ಸಂದಿ ಬಿಡಿಸಿ, ಸಂದಿಯೇ ಇಲ್ಲದೆ ಜೋಡಿಸಿದರೆ ಬೇಸಿಗೆಯಲ್ಲಿ ಹಿಗ್ಗಿ ಎದ್ದೇಳುತ್ತವೆ.

ದುಡ್ಡು ಬಿಗಿ ಇದ್ದರೆ ನನ್ನ ಆಯ್ಕೆ ರೆಡ್ ಆಕ್ಸೈಡ್ ನೆಲ. ಬರಿಗಾಲಿಗೆ ತಂಪು, ವರ್ಷ ಕಳೆದಂತೆ ಹೊಳಪು ಹೆಚ್ಚು. ಸಿಮೆಂಟಿನ ತೂಕದ ಹತ್ತರಲ್ಲೊಂದು ಪಾಲು ಮೀರದಂತೆ ಆಕ್ಸೈಡ್ ಹಾಕಿ, ಇಡೀ ಮನೆಗೆ ಬೇಕಾದಷ್ಟನ್ನು ಒಮ್ಮೆಲೇ ಒಣದಾಗಿ ಬೆರೆಸಿ ಜರಡಿ ಹಿಡಿದಿಡಿ. ಮತ್ತೆ ಮತ್ತೆ ಬೆರೆಸಿದರೆ ಕೋಣೆಗೊಂದು ಬಣ್ಣ ಬರುತ್ತದೆ. ಕೆಳಗಿನ ಕಾಂಕ್ರೀಟ್ ಇನ್ನೂ ಹಸಿ ಇರುವಾಗಲೇ ಮೇಲಿನ ಕೋಟು ಬೀಳಬೇಕು, ಒಂದು ಕೋಣೆ ಒಂದೇ ಬಾರಿಗೆ ಮುಗಿಯಬೇಕು. ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿ, ಮಾರನೇ ದಿನದಿಂದ ಒಂದು ವಾರ ನೀರು ನಿಲ್ಲಿಸಬೇಕು. ಈ ಕೆಲಸ ಬಲ್ಲವರು ಈಗ ಕಡಿಮೆ. ಅವರು ಮಾಡಿದ ಒಂದು ಹಳೆಯ ನೆಲ ನೋಡಿಕೊಂಡೇ ಒಪ್ಪಿಸಿ.

ಬಣ್ಣ ಮತ್ತು ಕೊನೆಯ ಕಂತು

ಮರದ ಚೌಕಟ್ಟಿನ ಗೋಡೆಗೆ ತಾಗುವ ಬದಿಗೆ ಕೂರಿಸುವ ಮೊದಲೇ ಪ್ರೈಮರ್ ಬಳಿದಿರಬೇಕು. ಬಾಗಿಲ ರೆಕ್ಕೆಗಳನ್ನು ನೆಲ ಮುಗಿದ ಮೇಲೆ ತೂಗುಹಾಕಿ, ಇಲ್ಲದಿದ್ದರೆ ಅಡಿ ಕತ್ತರಿಸುವ ಕೆಲಸ ಗ್ಯಾರಂಟಿ.

ಗೃಹಪ್ರವೇಶದ ಮುಹೂರ್ತಕ್ಕೆ ಓಡಿ ಹಸಿ ಗೋಡೆಗೆ ಪುಟ್ಟಿ ಬಳಿದರೆ ಮೊದಲ ವರ್ಷವೇ ಹಪ್ಪಳದಂತೆ ಏಳುತ್ತದೆ. ಪ್ಲಾಸ್ಟರಿಗೆ ನೀರು ಹಾಕುವುದು ಮುಗಿದ ಮೇಲೆ ಕನಿಷ್ಠ ನಾಲ್ಕು ವಾರ ಒಣಗಲು ಬಿಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ, ಬೆಳಗ್ಗೆ ನೋಡಿ. ಒಳಗೆ ಬೆವರಿದ್ದರೆ ಇನ್ನೊಂದು ವಾರ ಕಾಯಿರಿ. ಮುಹೂರ್ತಕ್ಕೆ ಒಂದು ಕೋಟು ಸುಣ್ಣ ಹೊಡೆಸಿ ಹಾಲುಕ್ಕಿಸಬಹುದು, ಪುಟ್ಟಿ, ಬಣ್ಣ ಆಮೇಲೆ ಬರಲಿ.

ಕಂಟ್ರಾಕ್ಟರ್ ಜೊತೆ ಮೊದಲ ದಿನವೇ ಬರೆಸಿಕೊಳ್ಳಬೇಕಾದದ್ದು ಒಂದಿದೆ: ಕೊನೆಯ ಕಂತಿನಲ್ಲಿ ಒಂದು ಪಾಲು ಮೊದಲ ಜೋರು ಮಳೆ ಕಳೆದ ಮೇಲೆ. ಆ ಮಳೆ ಬಂದ ದಿನ ತಾರಸಿಯ ಅಡಿ, ಕಿಟಕಿಯ ಮೂಲೆ, ಬಚ್ಚಲಿನ ಕೆಳಗಿನ ಸೂರು ಮತ್ತು ಸಂಪಿನ ಮುಚ್ಚಳ ನೋಡಿ, ಒದ್ದೆ ಕಂಡಲ್ಲಿ ಸೀಮೆಸುಣ್ಣದಲ್ಲಿ ಗುಂಡು ಹಾಕಿ, ಅವರನ್ನು ಕರೆಸಿ ತೋರಿಸಿ.